‘ಮೆಮೊರಿ ಹಂಚಿಕೆ’ ಅಂದರೆ ಯಾವ ಹಂಚಿಕೆ?

ವರ್ಚುವಲ್ ಮಷೀನ್‌ಗಳ (ಒಂದೇ ಕಂಪ್ಯೂಟರಿನೊಳಗೆ ಸಾಫ್ಟ್‌ವೇರ್‌ನಿಂದ ಓಡುವ ಬೇರೆಬೇರೆ ಕಂಪ್ಯೂಟರ್‌ಗಳ) ಬಗ್ಗೆ ಒಂದು ಕೈಪಿಡಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ಹಂಚಿಕೆ’ ಅನ್ನೋ ಪದದ ಹತ್ತಿರ ಕೆಲಸ ನಿಂತಿದೆ.

ಒಂದು ಸರ್ವರ್ ಮೇಲೆ ಹತ್ತು ಮಷೀನ್ ಓಡುತ್ತಿವೆ ಅನ್ನಿ. ತಲಾ 4 ಜಿಬಿ ಕೊಟ್ಟರೆ ಅದು ಹಂಚಿಕೆ, ತಕರಾರಿಲ್ಲ. ಆದರೆ ಹತ್ತರಲ್ಲೂ ಒಂದೇ ಲಿನಕ್ಸ್ ಇದ್ದರೆ ಮೆಮೊರಿಯಲ್ಲಿ ಒಂದೇ ತರದ ಪುಟಗಳು, ಅಂದರೆ ಮೆಮೊರಿಯ ಪುಟ್ಟ ತುಣುಕುಗಳು, ಬೇಕಾದಷ್ಟಿರುತ್ತವೆ. 2009ರಲ್ಲಿ ಲಿನಕ್ಸ್ 2.6.32ರ ಜೊತೆ ಬಂದ ಕೆಎಸ್‌ಎಂ (ಕರ್ನಲ್ ಸೇಮ್‌ಪೇಜ್ ಮರ್ಜಿಂಗ್) ಅನ್ನೋ ಸೌಲಭ್ಯ, ಇಂಥ 4 ಕೆಬಿ ಪುಟಗಳನ್ನು ಹುಡುಕಿ ಒಂದನ್ನಷ್ಟೇ ಇಟ್ಟುಕೊಂಡು ಮಿಕ್ಕ ಜಾಗ ಖಾಲಿ ಮಾಡುತ್ತದೆ. ಎಲ್ಲರೂ ಆ ಒಂದನ್ನೇ ಓದುತ್ತಾರೆ. ಇದೂ ಹಂಚಿಕೆಯೇ? ಇಲ್ಲಿ ಯಾರಿಗೂ ಪಾಲು ಸಿಗಲಿಲ್ಲ ಅಲ್ವಾ!

‘ಹಂಚಿಕೊಳ್ಳು’ ಎರಡಕ್ಕೂ ಒಗ್ಗುತ್ತದೆ. ರೊಟ್ಟಿ ಹಂಚಿಕೊಂಡರೆ ಅರ್ಧರ್ಧ, ರೂಮು ಹಂಚಿಕೊಂಡರೆ ಇಬ್ಬರಿಗೂ ಪೂರ್ತಿ. ‘ಹಂಚಿಕೆ’ ಅಂದ ಕೂಡಲೇ ರೊಟ್ಟಿಯೇ ಉಳಿಯುತ್ತದೆ.

ನನಗೆ ನೆನಪಾದದ್ದು ಪಹಣಿ. ನಮ್ಮ ಜಮೀನು ಅಪ್ಪ, ಚಿಕ್ಕಪ್ಪಂದಿರ ಹೆಸರಿನಲ್ಲಿ ಜಂಟಿಯಾಗಿತ್ತು. ಚಿಕ್ಕಪ್ಪ ಬೋರ್ ಕೊರೆಸಲು ಹೊರಟಾಗಲೇ ಪೋಡಿಯ ಮಾತು ಬಂದದ್ದು. ಇಲ್ಲೂ ಹಾಗೇ: ಓದುವವರೆಗೆ ಪುಟ ಜಂಟಿ, ಒಂದು ಮಷೀನ್ ಬರೆಯಲು ಹೋದರೆ ಅದಕ್ಕೆ ಬೇರೆ ಪ್ರತಿ. ಆದರೆ ಪೋಡಿಯಲ್ಲಿ ಜಮೀನು ತುಂಡಾಗುತ್ತದೆ, ಇಲ್ಲಿ ಪೂರ್ತಿ ಪುಟದ ನಕಲೇ ಸಿಗುತ್ತದೆ. ಹಾಗಾಗಿ ‘ಜಂಟಿ’ ಇರಲಿ, ‘ಪೋಡಿ’ ಬೇಡ ಅನ್ನಿಸಿತು.

ಸುಮ್ನೆ ಪದದ ಜಗಳ ಅಂದುಕೊಳ್ಳಬೇಡಿ. ನಕಲು ಮಾಡಲು ಚೂರು ಹೊತ್ತು ಜಾಸ್ತಿ ಹಿಡಿಯುತ್ತದೆ. ಕಳ್ಳನೊಬ್ಬ ತನ್ನ ಮಷೀನ್‌ನಲ್ಲಿ ತಾನು ಊಹಿಸಿದ್ದನ್ನು ಒಂದು ಪುಟದಲ್ಲಿ ತುಂಬಿಸಿ, ಕಾದು, ಮೇಲೆ ಬರೆದು ಹೊತ್ತು ಅಳೆದರೆ ಸಾಕು. ನಿಧಾನವಾಯಿತೇ? ಪಕ್ಕದವರ ಹತ್ತಿರವೂ ಅದೇ ಪುಟ ಇರಬೇಕು. ಇಂಥ ಭಯಕ್ಕೇ ವರ್ಚುವಲ್ ಮಷೀನ್ ಸಾಫ್ಟ್‌ವೇರ್ ಮಾಡುವ ವಿಎಂವೇರ್ ಕಂಪನಿ 2014ರಲ್ಲಿ ಮಷೀನ್‌ಗಳ ನಡುವೆ ಪುಟ ಒಂದಾಗಿಸುವುದನ್ನು ತಾನಾಗಿ ನಡೆಯದಂತೆ ಮಾಡಿತು. ನನ್ನ ಕರಡಿನಲ್ಲಿ ‘ಸುರಕ್ಷಿತ ಹಂಚಿಕೆ’ ಅಂತ ಬರೆದಿದ್ದೆ. ಓದಿದ ಗೆಳೆಯ, “ಎಲ್ಲರಿಗೂ ಬೇರೆಬೇರೆ ಪಾಲು, ಬೇರೆಬೇರೆ ಬೀಗ, ತಾನೇ?” ಅಂದ. ಪೂರಾ ಉಲ್ಟಾ!

ಸದ್ಯಕ್ಕೆ ‘ಜಂಟಿ ಪುಟ’, ‘ಬರೆದರೆ ನಕಲು’ ಅಂತ ಇಟ್ಟಿದ್ದೇನೆ. ‘ಜಂಟಿ’ ಕೇಳಿದರೆ ನಿಮಗೆ ಬರೀ ಇಬ್ಬರು ಅನ್ನಿಸುತ್ತದೆಯೇ, ಹತ್ತು ಜನಕ್ಕೂ ಸಲ್ಲುತ್ತದೆಯೇ? ನಿಮ್ಮ ಕಡೆ ಊರವರೆಲ್ಲ ಸೇದುವ ಒಂದೇ ಬಾವಿಗೆ ಏನಂತೀರಿ?