‘ಚಂದದ ನೋಟ’ದ ಪ್ರಶ್ನೆಗೆ ಎರಡು ನಿಮಿಷ ಎಂತ ಮಾತಾಡುವುದು? ಪರೀಕ್ಷೆ ಬರೆದವರು ಹೇಳಿ

ಕೇಳಿದವಳು, ಬದಿಯಡ್ಕದ ಹತ್ತಿರ
ಹತ್ತನೆಯವರೆಗೆ ಕನ್ನಡ ಮೀಡಿಯಂ, ಆಮೇಲೆ ನರ್ಸಿಂಗ್. ಯುಕೆಗೆ ಹೋಗುವ ಆಸೆಯಿಂದ ಇಂಗ್ಲಿಷ್ ಪರೀಕ್ಷೆಯಾದ ಐಇಎಲ್‌ಟಿಎಸ್‌ಗೆ ಫೀಸು ಕಟ್ಟಿ ಆಗಿದೆ. ಸ್ಪೀಕಿಂಗ್‌ನಲ್ಲಿ 9ಕ್ಕೆ 7 ಬೇಕು. ಮಾಕ್ ಟೆಸ್ಟಿನಲ್ಲಿ ‘ನೀವು ಕಂಡ ಒಂದು ಸುಂದರ ನೋಟವನ್ನು ವರ್ಣಿಸಿ’ ಎಂಬ ಪ್ರಶ್ನೆಯ ಕಾರ್ಡ್ ಬಂದರೆ ನನ್ನ ಮಾತು ಅರ್ಧ ನಿಮಿಷಕ್ಕೆ ಮುಗಿಯುತ್ತದೆ. ಬ್ಯೂಟಿಫುಲ್, ವೆರಿ ಬ್ಯೂಟಿಫುಲ್, ನೈಸ್, ಅಷ್ಟೇ. ಕೋಚಿಂಗಿನಲ್ಲಿ ಸ್ವಿಟ್ಜರ್ಲೆಂಡಿನ ಬಗ್ಗೆ ಒಂದು ರೆಡಿ ಉತ್ತರ ಕೊಟ್ಟಿದ್ದಾರೆ. ಅದನ್ನೇ ಬಾಯಿಪಾಠ ಮಾಡಿದರೆ ಆಗುತ್ತದಾ?

ಪೆರ್ಲದವಳು, ಈಗ ಇಂಗ್ಲೆಂಡಿನಲ್ಲಿ ನರ್ಸ್
ತಂಗೀ, ಸ್ವಿಟ್ಜರ್ಲೆಂಡ್ ಬಿಡು ಮಾರಾಯ್ತಿ. ಆ ಹಿಮ, ಆ ರೈಲು ಪರೀಕ್ಷಕರ ಕಿವಿಗೆ ಎಷ್ಟು ಸಲ ಬಿದ್ದಿರುತ್ತದೋ. ಉತ್ತರ ಬಾಯಿಪಾಠದ್ದು ಎಂದು ಗೊತ್ತಾದರೆ ಅದು ನಿನ್ನ ಇಂಗ್ಲಿಷ್ ಎಂದು ಅವರು ಒಪ್ಪುವುದಿಲ್ಲ. ಇನ್ನೊಂದು ವಿಷಯವೂ ಉಂಟು: ನೀನು ಮಾತು ಮುಗಿಸಿದ ಮೇಲೆ ಒಂದೆರಡು ಸಣ್ಣ ಪ್ರಶ್ನೆ ಬರಬಹುದು. ಅಲ್ಲಿಗೆ ಮತ್ತೆ ಹೋಗ್ತೀಯಾ, ನಿನ್ನ ಜತೆಯವರಿಗೂ ಇಷ್ಟವಾಯಿತಾ ಎಂದು ಕೇಳಿದರೆ, ಕಾಲಿಡದ ಊರಿನ ಬಗ್ಗೆ ಎಂತ ಹೇಳುತ್ತೀ?

ನಾನು ಹೇಳಿದ್ದು ನಮ್ಮ ಪೊಸಡಿಗುಂಪೆಯ ಬಗ್ಗೆ. ಧರ್ಮತ್ತಡ್ಕದ ಹತ್ತಿರದ ಗುಡ್ಡೆ, ಸಮುದ್ರ ಮಟ್ಟದಿಂದ 1060 ಅಡಿ. ಪರೀಕ್ಷಕರಿಗೆ ಗುಂಪೆ ಗೊತ್ತಿರಲಿಕ್ಕಿಲ್ಲ, ಗೊತ್ತಿರಬೇಕೆಂದೂ ಇಲ್ಲ. ಕೇರಳದ ಉತ್ತರ ತುದಿಯ ಜಿಲ್ಲೆ, ಕರ್ನಾಟಕದ ಗಡಿ ಎಂದು ಒಂದೇ ವಾಕ್ಯದಲ್ಲಿ ಜಾಗ ತೋರಿಸಿ ಮುಂದೆ ಹೋದೆ. ಆಮೇಲೆ ಕಣ್ಣು ಹೋದ ಕ್ರಮದಲ್ಲೇ ಮಾತು. ಕಾಲ ಬುಡದಲ್ಲಿ ಮುಳಿಹುಲ್ಲು, ಕೆಳಗೆ ಅಡಿಕೆ ತೋಟ, ತೋಟದ ನಡುವೆ ಅಲ್ಲೊಂದು ಇಲ್ಲೊಂದು ಹೆಂಚಿನ ಮಾಡು, ಪಶ್ಚಿಮಕ್ಕೆ ಕಡಲು. ಬೆನ್ನು ತಿರುಗಿಸಿದರೆ ಘಟ್ಟ. ಮೋಡ ಇಲ್ಲದ ದಿನ ಕುದುರೆಮುಖದ ಸಾಲೂ ಕಾಣುತ್ತದೆ. ಹತ್ತಿರದಿಂದ ದೂರಕ್ಕೆ ಹೀಗೆ ಹೋದರೆ ‘ಮತ್ತೆಂತ ಹೇಳುವುದು’ ಎಂಬ ಗಾಬರಿಯೇ ಬರುವುದಿಲ್ಲ, ಮುಂದಿನ ವಾಕ್ಯ ಎಲ್ಲಿಂದ ಎಂದು ಗುಡ್ಡೆಯೇ ಹೇಳುತ್ತದೆ. ರೈಟ್ ಬಿಲೋ ಅಸ್, ಎ ಬಿಟ್ ಫರ್ದರ್ ಡೌನ್, ಇನ್ ದ ಡಿಸ್ಟೆನ್ಸ್, ಆನ್ ದ ಅದರ್ ಸೈಡ್: ಈ ನಾಲ್ಕು ಬಾಯಿಗೆ ಬಂದರೆ ಅರ್ಧ ಕೆಲಸ ಆಯಿತು.

ಆಮೇಲೆ ಅಲ್ಲಿ ನಡೆದದ್ದು ಏನಾದರೂ ಒಂದು. ನಮ್ಮ ಜತೆ ಬಂದಿದ್ದ ಅಜ್ಜ ಪ್ರತಿ ಹತ್ತು ಹೆಜ್ಜೆಗೆ ಕೂತು ಎಲೆಯಡಿಕೆ ಹಾಕುತ್ತಿದ್ದದ್ದನ್ನು ಹೇಳಿದೆ. ಪರೀಕ್ಷಕಿ ನಕ್ಕರು. ನಗುವಿಗೆ ಮಾರ್ಕ್ ಇಲ್ಲ, ಆದರೆ ನನ್ನ ನಾಲಗೆ ಸಡಿಲವಾಯಿತು.

ಉಪ್ಪಳದಿಂದ, ಎಂಎಸ್ಸಿಗೆ ಹೊರಟವ
ಅಕ್ಕ ಹೇಳಿದ್ದು ಸರಿ. ಆದರೆ ಆರಂಭದ ಒಂದು ವಾಕ್ಯವನ್ನಾದರೂ ರೆಡಿ ಇಟ್ಟುಕೊಂಡರೆ ತಪ್ಪೇನಿಲ್ಲ ಅಂತ ನನಗೆ ಕಾಣುತ್ತದೆ. ‘ದ ಪ್ಲೇಸ್ ಐ ವುಡ್ ಲೈಕ್ ಟು ಟಾಕ್ ಅಬೌಟ್ ಈಸ್...’ ಅಷ್ಟೇ. ಮೊದಲ ಐದು ಸೆಕೆಂಡ್ ದಾಟಿದರೆ ಗಂಟಲು ತಾನೇ ಸರಿಯಾಗುತ್ತದೆ.

ತಯಾರಿಗೆ ಒಂದು ನಿಮಿಷ, ಒಂದು ಕಾಗದ, ಒಂದು ಪೆನ್ಸಿಲ್ ಸಿಗುತ್ತದೆ. ಅದರಲ್ಲಿ ಪೂರ್ತಿ ವಾಕ್ಯ ಬರೆಯಲಿಕ್ಕೆ ಹೋಗಬೇಡಿ, ಎರಡು ವಾಕ್ಯಕ್ಕೇ ಸಮಯ ಮುಗಿಯುತ್ತದೆ. ನಾನು ಕನ್ನಡದಲ್ಲೇ ಗೀಚಿದೆ: ಗುಡ್ಡೆ, ತೋಟ, ಕಡಲು, ಮಳೆ, ಅಣ್ಣ. ಆ ಕಾಗದಕ್ಕೆ ಮಾರ್ಕ್ ಇಲ್ಲ.

ನೀರ್ಚಾಲಿನ ಟೀಚರ್, ನಿವೃತ್ತಿಯಾಗಿದೆ
ಕನ್ನಡದಲ್ಲಿ ಗೀಚುವುದನ್ನು ನಾನು ಒಪ್ಪುವುದಿಲ್ಲ. ಕಾಗದದಲ್ಲಿ ‘ತೋಟ’ ಎಂದಿದ್ದರೆ ಬಾಯಿ ಒಂದು ಕ್ಷಣ ಅಲ್ಲಿ ನಿಂತು ಹುಡುಕುತ್ತದೆ. ಆ ತಡವರಿಕೆಯೇ ಮಾರ್ಕು ಕಡಿಮೆ ಮಾಡುವುದು. ಉಪ್ಪಳದ ಹುಡುಗನಿಗೆ ಒಗ್ಗಿತು, ಎಲ್ಲರಿಗೂ ಒಗ್ಗಬೇಕಲ್ಲ.

ಮಗಳೇ, ಮೊದಲು ಮಾರ್ಕು ಎಲ್ಲಿಂದ ಬರುತ್ತದೆ ನೋಡು. ತಡೆಯಿಲ್ಲದೆ ಸರಣಿಯಾಗಿ ಮಾತಾಡುವುದು, ಪದಗಳು, ವ್ಯಾಕರಣ, ಉಚ್ಚಾರ: ನಾಲ್ಕಕ್ಕೂ ಸಮಪಾಲು, ನಾಲ್ಕರ ಸರಾಸರಿಯೇ ನಿನ್ನ ಬ್ಯಾಂಡ್. ಎರಡರಲ್ಲಿ 6, ಎರಡರಲ್ಲಿ 7 ಬಂದರೆ ಆರೂವರೆ. ನೋಟ ಎಷ್ಟು ಸುಂದರ, ಊರು ಎಷ್ಟು ಪ್ರಸಿದ್ಧ ಎಂಬುದಕ್ಕೆ ಈ ನಾಲ್ಕರಲ್ಲಿ ಜಾಗವೇ ಇಲ್ಲ.

ಈ ಕಾರ್ಡಿನಲ್ಲಿ ನಮ್ಮ ಮಕ್ಕಳು ವ್ಯಾಕರಣದ ಮಾರ್ಕು ಕಳೆದುಕೊಳ್ಳುವುದು ಕಾಲದಲ್ಲಿ. ಗುಡ್ಡೆ ಇವತ್ತಿಗೂ ಇದೆ, ಅದಕ್ಕೆ ವರ್ತಮಾನ. ನೀನು ಹೋದದ್ದು ಕಳೆದ ವರ್ಷ, ಅದಕ್ಕೆ ಭೂತಕಾಲ. ಎರಡನ್ನೂ ಗುಡ್ಡೆಯ ತುದಿಯಲ್ಲಿ ಕಲಸಿಬಿಡುತ್ತಾರೆ. ಮೊದಲು ಜಾಗ ಹೇಗಿದೆ ಎಂದು ಪೂರಾ ಹೇಳಿ ಮುಗಿಸು, ಆಮೇಲೆ ‘ವೆನ್ ವಿ ವೆಂಟ್ ದೇರ್’ ಎಂದು ಬಾಗಿಲು ದಾಟು. ಕೊನೆಗೆ ಬೇರೆ ಕಾಲದಲ್ಲಿ ಹೋದರೆ ಹೇಗಿರುತ್ತದೆ ಎಂದು ಒಂದು ಮಾತು ಸೇರಿಸು. ಮಾರ್ಚಿನಲ್ಲಿ ಹುಲ್ಲು ಒಣಗಿ ಕಂದು, ಜುಲೈಯಲ್ಲಿ ಮಂಜು ಬಂದು ಏನೂ ಕಾಣುವುದಿಲ್ಲ. ಹೋಲಿಕೆಯ ವಾಕ್ಯ, ‘ಇಫ್’ ವಾಕ್ಯ ಎರಡೂ ಅಲ್ಲೇ ಬಂದುಬಿಡುತ್ತವೆ. ಬೇಕೆಂದು ತುರುಕಿದ ಹಾಗೂ ಕಾಣುವುದಿಲ್ಲ.

ಬರೆದು ತೋರಿಸು, ನೋಡುವ.

ಮುಳ್ಳೇರಿಯದವರು
ಒಂದು ಬೇರೆ ವಿಷಯ. ನರ್ಸ್‌ಗಳಿಗೆ ಆಸ್ಪತ್ರೆ ಕೆಲಸದವರ ಇಂಗ್ಲಿಷ್ ಪರೀಕ್ಷೆ ಒಇಟಿ ಕೂಡ ನಡೆಯುತ್ತದಲ್ಲ? ಅದರ ಸ್ಪೀಕಿಂಗ್‌ನಲ್ಲಿ ಗುಡ್ಡೆ, ಕಡಲು ಏನೂ ಇಲ್ಲ. ರೋಗಿಯೊಟ್ಟಿಗೆ ಮಾತಾಡುವ ಎರಡು ರೋಲ್ ಪ್ಲೇ, ಒಂದೊಂದು ಸುಮಾರು ಐದು ನಿಮಿಷ. ವಾರ್ಡಿನಲ್ಲಿ ದುಡಿದವರಿಗೆ ಅದೇ ಸಲೀಸು. ಫೀಸು ಕಟ್ಟಿ ಆಗಿದೆ ಎಂದರೆ ಬಿಡಿ, ಇನ್ನೂ ಕಟ್ಟದವರು ಯೋಚಿಸಬಹುದು.

ಕೇಳಿದವಳು
ಟೀಚರ್, ಬೇಕಲ ಕೋಟೆಯ ಬಗ್ಗೆ ಬರೆದೆ. ಹೀಗೆ ಉಂಟು: ‘ಬೇಕಲ್ ಫೋರ್ಟ್ ಈಸ್ ವೆರಿ ಬ್ಯೂಟಿಫುಲ್. ಇಟ್ ವಾಸ್ ಬಿಲ್ಟ್ ಬೈ ಶಿವಪ್ಪ ನಾಯಕ ಇನ್ 1650. ಇಟ್ ಈಸ್ ಫಾರ್ಟಿ ಏಕರ್ಸ್. ದ ಸೀ ಈಸ್ ಆಲ್ಸೋ ಬ್ಯೂಟಿಫುಲ್. ಐ ಫೆಲ್ಟ್ ವೆರಿ ಹ್ಯಾಪಿ.’ ಇದು ಇಪ್ಪತ್ತು ಸೆಕೆಂಡಿಗೆ ಮುಗಿಯುತ್ತದೆ.

ನೀರ್ಚಾಲಿನ ಟೀಚರ್
ಮುಗಿಯದೆ ಇನ್ನೇನು! ಇದು ಕೋಟೆಯ ಬಾಗಿಲಿನ ಬೋರ್ಡ್. ನೀನು ಕೋಟೆಯ ಒಳಗೇ ಹೋಗಿಲ್ಲ. ಇಸವಿ ಒಂದಿದ್ದರೆ ಇರಲಿ, ಎಕರೆ ಬೇಡ. ಗೇಟಿನಿಂದ ನಡೆಸು, ನಡುವಿನ ವೀಕ್ಷಣಾ ಗೋಪುರದ ಇಳಿಜಾರು ಹತ್ತಿಸು, ಮೇಲೆ ನಿಲ್ಲಿಸು. ಅಲ್ಲಿಂದ ಮುರಕಲ್ಲಿನ ಗೋಡೆ ಕಾಣುತ್ತದೆ, ಗೋಡೆಯ ಬುಡಕ್ಕೆ ತೆರೆ ಬಂದು ಹೊಡೆಯುವುದು ಕಾಣುತ್ತದೆ, ಆಚೆ ಬಾಗಿದ ಕಡಲ ದಂಡೆ, ತೆಂಗಿನ ಸಾಲು, ಮೀನಿನ ದೋಣಿ. ‘ಐ ಫೆಲ್ಟ್ ಹ್ಯಾಪಿ’ ತೆಗೆದು ಇದನ್ನು ಹಾಕಿ ನೋಡು: ‘ವಿ ವೆಂಟ್ ದೇರ್ ಇನ್ ಜೂನ್. ದ ರೈನ್ ವಾಸ್ ಕಮಿಂಗ್ ಇನ್ ಫ್ರಮ್ ದ ಸೀ, ಅಂಡ್ ವಿ ಕುಡ್ ವಾಚ್ ಇಟ್ ಬಿಫೋರ್ ಇಟ್ ರೀಚ್ಡ್ ಅಸ್.’ ಇದರಲ್ಲಿ ಒಂದೂ ದೊಡ್ಡ ಶಬ್ದ ಇಲ್ಲ. ಇದ್ದಕ್ಕಿದ್ದಂತೆ ‘ಪಿಕ್ಚರೆಸ್ಕ್’, ‘ಬ್ರೆತ್‌ಟೇಕಿಂಗ್’ ಎಂದು ಎರಡು ಶಬ್ದ ಸಿಕ್ಕಿಸುವುದಕ್ಕಿಂತ ನಿನ್ನ ಬಾಯಲ್ಲಿ ಇದು ಚಂದ ಕೂರುತ್ತದೆ.

ಇದನ್ನೂ ಬಾಯಿಪಾಠ ಮಾಡಬೇಡ ಮತ್ತೆ. ಇವತ್ತು ಹೇಳು, ನಾಳೆ ಬೇರೆ ಮಾತಿನಲ್ಲಿ ಹೇಳು.

ಪೆರ್ಲದವಳು
ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿಕೋ ತಂಗೀ. ನಾವು ‘ಫೋರ್ಟು’, ‘ಬೀಚು’ ಎಂದು ಕೊನೆಗೆ ಉಕಾರ ಎಳೆಯುತ್ತೇವೆ, ‘ಎವ್ರಿ’ಯನ್ನು ‘ಯೆವ್ರಿ’ ಮಾಡುತ್ತೇವೆ. ಮಾತಾಡುವಾಗ ಗೊತ್ತೇ ಆಗುವುದಿಲ್ಲ, ಕೇಳಿಸಿಕೊಂಡರೆ ಗೊತ್ತಾಗುತ್ತದೆ. ಈ ಕಾರ್ಡಿನಲ್ಲಿ ‘ವ್ಯೂ’ ಎಂಬುದು ಹತ್ತು ಸಲ ಬರುತ್ತದೆ. ಅದಕ್ಕೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ‘ವೇವ್ಸ್’ ಎಂಬುದರ ಮೊದಲ ಅಕ್ಷರಕ್ಕೆ ತಾಗಬಾರದು. ಊರಿನ ಧಾಟಿ ಇರಲಿ, ಅದಕ್ಕೆ ಮಾರ್ಕು ಕಡಿಯುವುದಿಲ್ಲ. ಮಾತು ತಿಳಿಯಬೇಕು, ಅಷ್ಟೇ.

ಉಪ್ಪಳದಿಂದ
ಸ್ಪೀಕಿಂಗಿನ ಮೂರನೇ ಭಾಗ, ಅಂದರೆ ಕಾರ್ಡಿನ ಮಾತು ಮುಗಿದ ಮೇಲಿನ ಚರ್ಚೆ, ಅದನ್ನು ಯಾರೂ ಹೇಳಲೇ ಇಲ್ಲ. ಅದೇ ನಾಲ್ಕೈದು ನಿಮಿಷ ಇರುವುದು. ಈ ಕಾರ್ಡ್ ಬಂದರೆ ಆಮೇಲೆ ಪ್ರವಾಸೋದ್ಯಮ, ಕಟ್ಟಡ, ಪರಿಸರದ ಕಡೆಗೇ ಎಳೆಯುತ್ತಾರೆ. ಚಂದದ ಜಾಗದಲ್ಲಿ ಹೋಟೆಲು ಕಟ್ಟಬೇಕಾ, ಜನ ನೋಡುವುದು ಬಿಟ್ಟು ಫೋಟೋ ಯಾಕೆ ತೆಗೆಯುತ್ತಾರೆ, ಹೀಗೆ. ಅಲ್ಲಿ ಸ್ವಂತ ಕತೆ ಸಾಲುವುದಿಲ್ಲ, ಅಭಿಪ್ರಾಯ ಮತ್ತು ಕಾರಣ ಬೇಕು. ಆದರೆ ಉದಾಹರಣೆಗೆ ನಮ್ಮ ಜಿಲ್ಲೆಯೇ ಸಾಕಕ್ಕ. ಬೇಕಲದ ಸುತ್ತ ರೆಸಾರ್ಟ್ ಬಂದು ಕೆಲವರಿಗೆ ಕೆಲಸ ಸಿಕ್ಕಿತು. ರಾಷ್ಟ್ರೀಯ ಹೆದ್ದಾರಿ 66 ಅಗಲ ಮಾಡುವಾಗ ಗುಡ್ಡೆಗಳನ್ನು ಕಡಿದದ್ದನ್ನು ನಾವೆಲ್ಲ ಕಂಡಿದ್ದೇವೆ. ಎರಡೂ ಬದಿ ಹೇಳಿ, ಕೊನೆಗೆ ನಿಮ್ಮದು ಯಾವ ಬದಿ ಎಂದು ಹೇಳಿಬಿಡಿ. ಯಾವ ಬದಿಯಾದರೂ ಅವರಿಗೆ ಒಂದೇ.

ಕೇಳಿದವಳು
ಗೋಪುರ ಹತ್ತಿಸಿ ನೋಡಿದೆ ಟೀಚರ್, ಈಗ ಎರಡು ನಿಮಿಷ ದಾಟುತ್ತದೆ! ನಡುವಿನಲ್ಲೇ ನಿಲ್ಲಿಸಿದರೆ ಮಾರ್ಕು ಹೋಗುತ್ತದಾ?

ನೀರ್ಚಾಲಿನ ಟೀಚರ್
ಹೋಗುವುದಿಲ್ಲ. ಎರಡು ನಿಮಿಷಕ್ಕೆ ಎಲ್ಲರನ್ನೂ ನಿಲ್ಲಿಸುತ್ತಾರೆ, ಅದು ಅವರ ಸಮಯದ ಲೆಕ್ಕ. ವಾಕ್ಯದ ನಡುವೆ ‘ಥ್ಯಾಂಕ್ ಯು’ ಎಂದರೆ ಅಲ್ಲಿಗೇ ಬಿಟ್ಟುಬಿಡು, ಮುಗಿಸಬೇಕೆಂದು ಹಟ ಹಿಡಿಯಬೇಡ. ಮುಂದಿನ ಪ್ರಶ್ನೆಗೆ ಕಿವಿ ಕೊಡು.