ಬೆರಳಿನ ಅಳತೆಯಿಂದ ಕ್ಯಾನ್ಸರ್ ಅಪಾಯ ತಿಳಿಯುತ್ತದೆಯೇ? ಶಿಬಿರದ ಫಾರ್ಮ್‌ನಲ್ಲಿ ಸೇರಿಸಬೇಕೇ?

ಡೊಂಬಿವಲಿ ಬಳಗ:
ಡೊಂಬಿವಲಿಯ ನಮ್ಮ ಕನ್ನಡ ಬಳಗದಿಂದ ಮುಂದಿನ ತಿಂಗಳು ಆರೋಗ್ಯ ತಪಾಸಣಾ ಶಿಬಿರ ಇದೆ. ಉಂಗುರ ಬೆರಳು ತೋರುಬೆರಳಿಗಿಂತ ಉದ್ದವಿದ್ದ ಗಂಡಸರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಬರುತ್ತದೆ ಎಂಬ ವಾಟ್ಸಾಪ್ ಸಂದೇಶ ಸದಸ್ಯರಲ್ಲಿ ಓಡಾಡುತ್ತಿದೆ. ಅಳೆಯಲು ಖರ್ಚಿಲ್ಲ, ಫಾರ್ಮ್‌ನಲ್ಲಿ ಒಂದು ಕಾಲಂ ಇಡೋಣ ಎಂದು ಕೆಲವರ ಒತ್ತಾಯ. ಸರಿಯಾಗಿ ಅಳೆಯುವುದು ಹೇಗೆ? ಆ ಅಂಕಿಯಿಂದ ಏನಾದರೂ ಹೇಳಲು ಬರುತ್ತದೆಯೇ?

ಪುಣೆ ಅಳತೆಗಾರ:
ಅಂಗೈ ಮೇಲೆ ಮಾಡಿ ಬೆರಳು ನೇರ ಚಾಚಿಸಿ. ಬೆರಳಿನ ಬುಡದ ಗೆರೆಯ ನಡುವಿನಿಂದ ತುದಿಯವರೆಗೆ ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆಯಬೇಕು, ಉಗುರು ಲೆಕ್ಕಕ್ಕಿಲ್ಲ. ಉಂಗುರ ಬೆರಳಿನ ಬುಡದಲ್ಲಿ ಎಷ್ಟೋ ಜನರಿಗೆ ಎರಡು ಗೆರೆ ಇರುತ್ತವೆ; ಅಂಗೈಗೆ ಹತ್ತಿರದ್ದನ್ನೇ ಹಿಡಿಯಿರಿ. ಹೆಚ್ಚಿನ ತಪ್ಪು ಆಗುವುದು ಇಲ್ಲೇ. ತೋರುಬೆರಳಿನ ಉದ್ದವನ್ನು ಉಂಗುರ ಬೆರಳಿನ ಉದ್ದದಿಂದ ಭಾಗಿಸಿದರೆ 2ಡಿ:4ಡಿ ಅನುಪಾತ, ಅಂದರೆ ಎರಡನೇ ಬೆರಳು ಭಾಗಿಸು ನಾಲ್ಕನೇ ಬೆರಳು. ಮೊದಲ ಅಂಕಿ ನೋಡದೆ ಎರಡನೇ ಸಲ ಅಳೆದು ಸರಾಸರಿ ತೆಗೆಯಬೇಕು. ಮುರಿದು ಕೂಡಿದ ಬೆರಳು, ಸಂಧಿವಾತದಿಂದ ಸೊಟ್ಟಗಾದ ಬೆರಳು ಬೇಡ. ಝೆರಾಕ್ಸ್ ತೆಗೆದು ಅಳೆದರೆ ಗಾಜಿಗೆ ಒತ್ತಿ ತುದಿ ಚಪ್ಪಟೆಯಾಗುತ್ತದೆ, ಅನುಪಾತ ಕಡಿಮೆ ಬರುತ್ತದೆ. ಎರಡು ವಿಧಾನ ಬೆರೆಸಬೇಡಿ.

ಈಗ ಲೆಕ್ಕ ನೋಡಿ: ತೋರುಬೆರಳು 70 ಮಿಮೀ, ಉಂಗುರ ಬೆರಳು 72.5 ಮಿಮೀ ಇದ್ದರೆ 0.966. ತೋರುಬೆರಳನ್ನು ಒಂದೇ ಮಿಲಿಮೀಟರ್ ಹೆಚ್ಚು ಓದಿದರೆ 0.979. ಗಂಡಸರ ಮತ್ತು ಹೆಂಗಸರ ಸರಾಸರಿಗಳ ನಡುವಿನ ಅಂತರವೂ ಹೆಚ್ಚುಕಡಿಮೆ ಇಷ್ಟೇ. ಶಿಬಿರದ ಗದ್ದಲದಲ್ಲಿ, ಸ್ವಯಂಸೇವಕರ ಕೈಯಲ್ಲಿ ಸ್ಕೇಲ್ ಕೊಟ್ಟು ಇದು ಆಗುವ ಕೆಲಸವಲ್ಲ.

ಪರೇಲ್ ಓದುಗ:
ಸಂದೇಶದ ಮೂಲ 2011ರ ಬ್ರಿಟನ್ ಅಧ್ಯಯನ. ಸುಮಾರು 1,500 ಪ್ರಾಸ್ಟೇಟ್ ಕ್ಯಾನ್ಸರ್ ರೋಗಿಗಳನ್ನು ಸುಮಾರು 3,000 ಇತರ ಗಂಡಸರ ಜೊತೆ ಹೋಲಿಸಿದ್ದರು. ತೋರುಬೆರಳು ಉದ್ದವಿದ್ದವರಲ್ಲಿ ಅಪಾಯ ಶೇ. 33 ಕಡಿಮೆ ಕಂಡಿತ್ತು. ಆದರೆ ಬೆರಳನ್ನು ಯಾರೂ ಅಳೆದಿರಲಿಲ್ಲ: ಚಿತ್ರ ತೋರಿಸಿ ನಿಮ್ಮ ಬಲಗೈ ಯಾವುದರಂತಿದೆ ಎಂದು ಕೇಳಿದ್ದರು. ಅದೇ ವರ್ಷ ಮೆಲ್ಬೋರ್ನ್‌ನ ದೊಡ್ಡ ಗುಂಪಿನಲ್ಲಿ ಅನುಪಾತವನ್ನೇ ಅಳೆದು ನೋಡಿದಾಗ ಒಟ್ಟಾರೆ ಪ್ರಾಸ್ಟೇಟ್ ಕ್ಯಾನ್ಸರ್ ಜೊತೆ ಸಂಬಂಧ ಸಿಗಲಿಲ್ಲ. ಗಂಡಸರಲ್ಲಿ ಉಂಗುರ ಬೆರಳು ಉದ್ದವಿರುವುದೇ ಹೆಚ್ಚು. ಅದನ್ನು ಅಪಾಯದ ಗುರುತು ಅಂದರೆ ಅರ್ಧಕ್ಕರ್ಧ ಸಭೆಯನ್ನು ಹೆದರಿಸಿದಂತೆ.

ಗರ್ಭದಲ್ಲಿದ್ದಾಗಿನ ಹಾರ್ಮೋನ್ ಬೆರಳಿನ ಉದ್ದದಲ್ಲಿ ಗುರುತು ಬಿಡುತ್ತದೆ ಎಂಬುದು ಇದರ ಹಿಂದಿನ ವಾದ. ಅದು ಪೂರ್ತಿ ಪೊಳ್ಳೇನಲ್ಲ. 2011ರಲ್ಲೇ ಫ್ಲಾರಿಡಾದಲ್ಲಿ ಇಲಿಮರಿಗಳ ಮೇಲೆ ನಡೆದ ಪ್ರಯೋಗದಲ್ಲಿ ಆಂಡ್ರೋಜನ್ (ಗಂಡು ಹಾರ್ಮೋನ್) ಗ್ರಾಹಿಯನ್ನು, ಅಂದರೆ ಜೀವಕೋಶದಲ್ಲಿ ಆ ಹಾರ್ಮೋನನ್ನು ಹಿಡಿಯುವ ಭಾಗವನ್ನು, ನಿಷ್ಕ್ರಿಯಗೊಳಿಸಿದಾಗ ನಾಲ್ಕನೇ ಬೆರಳಿನ ಬೆಳವಣಿಗೆ ಕುಂಠಿತವಾಯಿತು, ಈಸ್ಟ್ರೋಜನ್ (ಹೆಣ್ಣು ಹಾರ್ಮೋನ್) ಗ್ರಾಹಿಯನ್ನು ನಿಷ್ಕ್ರಿಯಗೊಳಿಸಿದಾಗ ಹೆಚ್ಚಿತು. ಮನುಷ್ಯರಲ್ಲೂ ಗುಂಪು ಗುಂಪಾಗಿ ಹೋಲಿಸಿದಾಗ ವ್ಯತ್ಯಾಸ ಕಾಣುತ್ತದೆ. ಆದರೆ ಒಬ್ಬೊಬ್ಬರ ಅಂಕಿಗಳು ಒಂದರ ಮೇಲೊಂದು ಎಷ್ಟು ಹರಡಿಕೊಂಡಿವೆಯೆಂದರೆ, ಒಬ್ಬರ ಬೆರಳು ನೋಡಿ ಅವರು ಗರ್ಭದಲ್ಲಿದ್ದಾಗ ಹಾರ್ಮೋನ್ ಎಷ್ಟಿತ್ತು ಎಂದು ಹೇಳಲಾಗದು. ನಲವತ್ತು ವರ್ಷದ ನಂತರದ ಕ್ಯಾನ್ಸರ್ ಹೇಳುವ ಮಾತಂತೂ ಇನ್ನೂ ದೂರ.

ಡೊಂಬಿವಲಿ ಬಳಗ:
ಧನ್ಯವಾದ ಸರ್. ಹಾಗಾದರೆ ಆ ಕಾಲಂನಲ್ಲಿ ಏನು ಕೇಳೋಣ?

ಮುಲುಂಡ್ ಶಿಬಿರ ಸಂಯೋಜಕಿ:
ಕುಟುಂಬದ ಮಾಹಿತಿ ಕೇಳಿ: ತಂದೆ, ತಾಯಿ, ಒಡಹುಟ್ಟಿದವರು, ಮಕ್ಕಳು, ಯಾವ ಕ್ಯಾನ್ಸರ್, ಎಷ್ಟನೇ ವಯಸ್ಸಿಗೆ. ತಾಯಿಯ ಕಡೆ ಮಾತ್ರ ಕೇಳಿ ಬಿಡಬೇಡಿ, ಕ್ಯಾನ್ಸರ್ ಅಪಾಯ ಹೆಚ್ಚಿಸುವ ಬಿಆರ್‌ಸಿಎ ಎಂಬ ಜೀನ್‌ನ ದೋಷ ತಂದೆಯಿಂದಲೂ ಬರುತ್ತದೆ.

ಹೆಂಗಸರಿಗೆ ತರಬೇತಿ ಪಡೆದವರಿಂದ ಸ್ತನ ಪರೀಕ್ಷೆ ಇಡಿ. ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯವರು ಮುಂಬೈಯಲ್ಲಿ 35ರಿಂದ 64 ವಯಸ್ಸಿನ ಒಂದೂವರೆ ಲಕ್ಷ ಮಹಿಳೆಯರಲ್ಲಿ ಇದನ್ನು ಪರೀಕ್ಷಿಸಿದರು, ಫಲಿತಾಂಶ 2021ರಲ್ಲಿ ಬಂತು. ಎರಡು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷಿಸಿದ ಗುಂಪಿನಲ್ಲಿ 50 ದಾಟಿದವರ ಸ್ತನ ಕ್ಯಾನ್ಸರ್ ಸಾವು ಸುಮಾರು ಶೇ. 30 ಕಡಿಮೆ. 50ರ ಒಳಗಿನವರಲ್ಲಿ ಅಂಥ ಇಳಿಕೆ ಕಾಣಲಿಲ್ಲ.

ಪ್ರಾಸ್ಟೇಟ್ ಕ್ಯಾನ್ಸರ್ ಸುಳಿವಿಗೆ ಮಾಡುವ ಪಿಎಸ್‌ಎ ರಕ್ತಪರೀಕ್ಷೆಯನ್ನು ಸಾಲಾಗಿ ಎಲ್ಲರಿಗೂ ಮಾಡಿಸಬೇಡಿ. ಮೂತ್ರದ ಸೋಂಕಿದ್ದರೆ ಅಂಕಿ ಏರುತ್ತದೆ, ಪ್ರಾಸ್ಟೇಟ್ ಊತಕ್ಕೆ ಕೊಡುವ ಫಿನಾಸ್ಟರೈಡ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಅರ್ಧಕ್ಕೆ ಇಳಿದಿರುತ್ತದೆ. 50 ದಾಟಿದವರು ಮೊದಲು ವೈದ್ಯರ ಜೊತೆ ಮಾತಾಡಿ ನಿರ್ಧರಿಸಲಿ.

ತಂಬಾಕಿನ ಪ್ರಶ್ನೆಯಲ್ಲಿ ಗುಟ್ಕಾ, ಮಿಶ್ರಿ (ಹುರಿದ ತಂಬಾಕಿನ ಪುಡಿ) ಎಂದು ಹೆಸರು ಹಿಡಿದೇ ಕೇಳಿ. ಮಿಶ್ರಿಯಲ್ಲಿ ಹಲ್ಲುಜ್ಜುವವರು ಅದನ್ನು ತಂಬಾಕು ಎಂದು ಎಣಿಸುವುದೇ ಇಲ್ಲ. ಬಾಯಿ ಕ್ಯಾನ್ಸರ್ ಸುಳಿವಿಗಾಗಿ ಬಾಯಿ ತೆರೆಸಿ ಅವರದೇ ಮೂರು ಬೆರಳು ಒಂದರ ಮೇಲೊಂದು ಹಲ್ಲುಗಳ ನಡುವೆ ಹೋಗುತ್ತವೆಯೇ ನೋಡಿ. ಹೋಗದಿದ್ದರೆ, ಅಥವಾ ಎರಡು ವಾರದಿಂದ ಮಾಯದ ಹುಣ್ಣು ಇದ್ದರೆ, ಅಂದೇ ಚೀಟಿ ಬರೆದು ದಂತವೈದ್ಯರ ಬಳಿ ಕಳಿಸಿ.