ಒಂಬತ್ತು ಗಂಟೆಯ ಮಾತ್ರೆ: ಓದುಗರ ಸ್ಪಂದನ

ಕಳೆದ ಸಂಚಿಕೆಯಲ್ಲಿ ತುಮಕೂರಿನ 27 ವರ್ಷದ ಓದುಗರೊಬ್ಬರು ಬರೆದಿದ್ದರು: ಪಿಯುಸಿ ಓದುವಾಗ ಫಿಟ್ಸ್ ಶುರುವಾಯಿತು. ಮಾತ್ರೆ ತಪ್ಪಿಸಿಲ್ಲ, ನಾಲ್ಕು ವರ್ಷದಿಂದ ಒಮ್ಮೆಯೂ ಬಂದಿಲ್ಲ. ಈಗ ಸಂಬಂಧ ಕೂಡಿಬಂದಿದೆ, ಮುಂದಿನ ತಿಂಗಳು ನಿಶ್ಚಿತಾರ್ಥ. 'ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ, ನೀನು ಒಂದು ವಿಷಯ ಬಾಯಿಬಿಡದಿದ್ದರೆ ಸಾಕು' ಎನ್ನುತ್ತಾರೆ ಅಮ್ಮ. ಹುಡುಗ ದಿನಾ ರಾತ್ರಿ ಫೋನ್ ಮಾಡುತ್ತಾರೆ. 'ಒಂಬತ್ತಾದ ಕೂಡಲೇ ಯಾಕೆ ಇಟ್ಟುಬಿಡ್ತೀರಾ' ಅಂತ ಮೊನ್ನೆ ಕೇಳಿದರು. ಮಾತ್ರೆಯ ಹೊತ್ತು ಎನ್ನಲಾಗದೆ, ಊಟಕ್ಕೆ ಕರೀತಿದ್ದಾರೆ ಎಂದೆ. ಹೇಳಲೋ, ಬೇಡವೋ?

ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. ಹರಿಶ್ಚಂದ್ರನ ಕಥೆಯನ್ನು ಮೊದಲಿಂದ ಕೊನೆಯವರೆಗೆ ಬರೆದು ಕಳಿಸಿದವರು ದಯವಿಟ್ಟು ಕ್ಷಮಿಸಬೇಕು.

*

ತಂಗಿ, ನಿನ್ನ ಪತ್ರ ಓದಿ ಆ ರಾತ್ರಿ ನಿದ್ದೆ ಬರಲಿಲ್ಲ. ಹತ್ತೊಂಬತ್ತು ವರ್ಷದ ಹಿಂದೆ ನಾನೇ ಬರೆದ ಹಾಗಿತ್ತು. ನಮ್ಮ ಮನೆಯಲ್ಲೂ ಹೇಳಲಿಲ್ಲ. ನಾನೂ ಹೇಳಲಿಲ್ಲ, ಅಪ್ಪ ಅಮ್ಮನ ಮೇಲೆ ಹಾಕಿ ತಪ್ಪಿಸಿಕೊಳ್ಳುವುದಿಲ್ಲ. ಮದುವೆ ಮನೆ ಅಂದರೆ ಗೊತ್ತಲ್ಲ. ಹಿಂದಿನ ರಾತ್ರಿ ರಿಸೆಪ್ಷನ್‌ನಲ್ಲಿ ಹನ್ನೊಂದೂವರೆವರೆಗೆ ನಿಂತಿದ್ದೆ, ಬೆಳಗಿನ ಜಾವ ನಾಲ್ಕಕ್ಕೆ ಎಣ್ಣೆ ನೀರು, ಧಾರೆ ಆಗುವ ತನಕ ಹೊಟ್ಟೆಗಿಲ್ಲ. ಮಾತ್ರೆ ಇದ್ದದ್ದು ಅಮ್ಮನ ಕೈಚೀಲದಲ್ಲಿ. ಛತ್ರದಿಂದ ಅಮ್ಮ ಊರಿಗೆ ಹೋದರು, ನಾನು ಗಂಡನ ಮನೆಗೆ. ಎರಡು ದಿನ ಮಾತ್ರೆ ಇಲ್ಲ. ಮೆಡಿಕಲ್ ಶಾಪಿಗೆ ಹೋಗಿ ಬನ್ನಿ ಅಂತ ಯಾರಿಗೆ ಹೇಳಲಿ? ಮೂರನೆಯ ದಿನ ಅಡಿಗೆಮನೆಯಲ್ಲಿ ಹಾಲು ಕಾಯಿಸುತ್ತಿದ್ದವಳು ಅಲ್ಲೇ ಬಿದ್ದೆ. ಎಚ್ಚರ ಬಂದಾಗ ಕೈಯಲ್ಲಿ ಕಬ್ಬಿಣದ ಬೀಗದ ಕೈ, ಸುತ್ತ ಹತ್ತು ಜನ. ಗಾಳಿ ಸೋಕಿದೆ ಅಂತ ಯಾರೋ ಯಂತ್ರ ಕಟ್ಟಿಸಲು ಹೊರಟಿದ್ದರು.

ನಮ್ಮೆಜಮಾನರು ಬಿಡಲಿಲ್ಲ, ಆಸ್ಪತ್ರೆಗೆ ಕರೆದುಕೊಂಡು ಹೋದರು. ಕಾಯಿಲೆ ಬಗ್ಗೆ ಅವತ್ತೂ ಒಂದು ಮಾತು ಅಂದಿಲ್ಲ, ಇವತ್ತೂ ಅಂದಿಲ್ಲ. ಅಂದದ್ದು ಇಷ್ಟೇ: 'ನಿಮ್ಮ ಮನೇಲಿ ಎಲ್ರಿಗೂ ಗೊತ್ತಿತ್ತು. ನಾನೊಬ್ನೇ ಪೆದ್ದ.' ಈಗ ಇಬ್ಬರು ಮಕ್ಕಳಿದ್ದಾರೆ, ಸಂಸಾರ ಚೆನ್ನಾಗಿದೆ. ಆದರೆ ನಾನು ತಲೆನೋವು ಅಂದರೂ ಅವರು ಒಂದು ಗಳಿಗೆ ನನ್ನ ಮುಖ ನೋಡ್ತಾರೆ, ಅಷ್ಟೇನಾ ಅಂತ. ಆ ನೋಟ ಇಷ್ಟು ವರ್ಷವಾದರೂ ಹೋಗಿಲ್ಲ. ಈ ಸುಳ್ಳು ಒಂದು ಸಲ ಹೇಳಿ ಮುಗಿಯುವಂಥದ್ದಲ್ಲ ತಂಗಿ. ದಿನಾ ರಾತ್ರಿ ಮಾತ್ರೆ ಜೊತೆ ಹೇಳಬೇಕು.

– ಹೆಸರು ಬೇಡ, ಹಾಸನ

*

ಎಲ್ಲರೂ 'ಸತ್ಯ ಹೇಳು' ಅಂತಲೇ ಬರೆಯುತ್ತೀರಿ, ಗೊತ್ತು. ಆ ಹುಡುಗಿಯ ಅಮ್ಮನ ಪರವಾಗಿ ನಾನು ಬರೆಯುತ್ತೇನೆ. ನನ್ನ ಮಗಳಿಗೆ ಮೂರು ಸಂಬಂಧ ಬಂದವು. ಮೂವರಿಗೂ ಇದ್ದದ್ದು ಇದ್ದ ಹಾಗೆ ಹೇಳಿದೆವು. ಮೊದಲನೆಯವರು ಜಾತಕ ಕೂಡಲಿಲ್ಲ ಎಂದರು. ಹಿಂದಿನ ವಾರ ಅದೇ ಜಾತಕ ಚೆನ್ನಾಗಿ ಕೂಡಿದೆ ಅಂದವರು ಅವರೇ. ಎರಡನೆಯವರು ಆಮೇಲೆ ಫೋನೇ ಎತ್ತಲಿಲ್ಲ. ಮೂರನೆಯವರು ಬೇಡ ಅಂದಿದ್ದಲ್ಲದೆ ನಮ್ಮ ಓಣಿಗೆಲ್ಲ ಸಾರಿದರು, ಕಿರಿಮಗಳಿಗೂ ಸಂಬಂಧ ಬರುವುದು ನಿಂತಿತು. ನಾಲ್ಕನೆಯವರಿಗೆ ಹೇಳಲಿಲ್ಲ. ಹೇಳು ಹೇಳು ಅನ್ನುವವರಲ್ಲಿ ಎಷ್ಟು ಮಂದಿ ನಿಮ್ಮ ಮಗನಿಗೆ ಇಂಥ ಹುಡುಗಿಯನ್ನು ತಂದುಕೊಳ್ಳುತ್ತೀರಿ? ಮೊದಲು ಅದನ್ನು ಬರೆಯಿರಿ.

ಮದುವೆಯಾಗಿ ಎರಡು ವರ್ಷವಾಯಿತು. ರಾತ್ರಿ ಹೊತ್ತು ಫೋನ್ ಬಂದರೆ ಎದೆ ಝಲ್ ಅನ್ನುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೂ ತಪ್ಪು ಮಾಡಿದೆ ಎಂಬ ಮಾತು ಮಾತ್ರ ನನ್ನ ಬಾಯಲ್ಲಿ ಬರುವುದಿಲ್ಲ.

– ಒಬ್ಬ ತಾಯಿ, ದಾವಣಗೆರೆ

*

ವಕೀಲಿ ಮಾಡಿ ನಿವೃತ್ತನಾದವನ ನಾಲ್ಕು ಮಾತು. ಹಿಂದೂ ವಿವಾಹ ಕಾಯ್ದೆಯ 5ನೇ ಕಲಮಿನಲ್ಲಿ ಹಿಂದೆ, ಪದೇ ಪದೇ ಮೂರ್ಛೆ ಬರುವವರ ಮದುವೆಗೇ ಅಡ್ಡಿಯಿತ್ತು. ಹುಚ್ಚಿನ ಪಕ್ಕದಲ್ಲೇ ಅದನ್ನೂ ಕೂರಿಸಿದ್ದರು. 1999ರ ತಿದ್ದುಪಡಿ ಅದನ್ನು ಕಿತ್ತುಹಾಕಿತು. ಹಾಗಾಗಿ ಕಾಯಿಲೆ ಈಗ ಅಡ್ಡಿಯಲ್ಲ. ಮುಚ್ಚಿಟ್ಟದ್ದು ಅಡ್ಡಿಯಾಗಬಹುದು. 12ನೇ ಕಲಮಿನ ಪ್ರಕಾರ ಮುಖ್ಯ ಸಂಗತಿಯನ್ನು ಮರೆಮಾಚಿ, ಮೋಸದಿಂದ ಒಪ್ಪಿಗೆ ಪಡೆದರೆಂದು ಆ ಕಡೆಯವರು ಮದುವೆ ರದ್ದು ಮಾಡಿ ಎಂದು ಕೋರ್ಟಿಗೆ ಹೋಗಬಹುದು, ವಿಷಯ ತಿಳಿದ ಒಂದು ವರ್ಷದೊಳಗೆ. ಇದು ಮೋಸವೋ ಅಲ್ಲವೋ ಎಂದು ಆಮೇಲೆ ವಾದ ನಡೆಯುತ್ತದೆ, ನಿಮ್ಮ ಚೀಟಿ ರಿಪೋರ್ಟುಗಳೆಲ್ಲ ಕೈಯಿಂದ ಕೈಗೆ ಹೋಗುತ್ತವೆ. ಒಬ್ಬರ ಮುಂದೆ ಹೇಳಲು ನಾಚಿದ ಮಾತನ್ನು ಎರಡೂ ಕಡೆಯ ವಕೀಲರು, ಜಡ್ಜು ಎಲ್ಲ ಕೇಳಬೇಕೇನವ್ವಾ?

– ಧಾರವಾಡ

*

ಅಕ್ಕ, ನಾಳೆ ರಾತ್ರಿ ಒಂಬತ್ತಕ್ಕೆ ಫೋನ್ ಇಡಬೇಡಿ. 'ಒಂದ್ನಿಮಿಷ, ಮಾತ್ರೆ ತಗೊಂಡ್ ಬರ್ತೀನಿ' ಅನ್ನಿ. ಯಾವ ಮಾತ್ರೆ ಅಂತ ಅವರೇ ಕೇಳ್ತಾರೆ.

– ಮೈಸೂರು

*

ನಾನು ಸ್ಟಾಫ್ ನರ್ಸ್. ಹೇಳುವುದು ಬಿಡುವುದು ನಿಮಗೆ ಸೇರಿದ್ದು, ನನ್ನ ಚಿಂತೆ ಬೇರೆ. ಯಾವ ಮಾತ್ರೆ ಎಂದು ನೀವು ಬರೆದಿಲ್ಲ. ಸೋಡಿಯಂ ವಾಲ್ಪ್ರೊಯೇಟ್ ಆಗಿದ್ದರೆ ಅದು ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ ಮಾಡಬಲ್ಲದು. ಬದಲಿಸುವುದಿದ್ದರೆ ಗರ್ಭ ನಿಲ್ಲುವ ಮೊದಲೇ ಡಾಕ್ಟರು ಬದಲಿಸಬೇಕು, ಫೋಲಿಕ್ ಆಸಿಡ್ ಶುರು ಮಾಡಬೇಕು. ಇನ್ನು ಕೆಲವು ಫಿಟ್ಸ್ ಮಾತ್ರೆಗಳ ಜೊತೆ ಗರ್ಭನಿರೋಧಕ ಮಾತ್ರೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಗಂಡನಿಗೆ ಗೊತ್ತಿಲ್ಲದೆ ಇದನ್ನೆಲ್ಲ ಹೇಗೆ ನಿಭಾಯಿಸುತ್ತೀರಿ? ಹೊಸ ಮದುವೆಯವರು ಹೆದರಿ ತಾವೇ ಮಾತ್ರೆ ನಿಲ್ಲಿಸುವುದನ್ನು ಕಂಡಿದ್ದೇನೆ. ಅದೊಂದು ಮಾತ್ರ ಮಾಡಬೇಡಿ.

– ಉಡುಪಿ

*

ನನ್ನ ಹೆಂಡತಿ ನಿಶ್ಚಿತಾರ್ಥಕ್ಕೆ ಹತ್ತು ದಿನ ಇರುವಾಗ ಲಾಲ್‌ಬಾಗಿನ ಬಂಡೆಯ ಮೇಲೆ ಕೂತು ಹೇಳಿದಳು. ಡಾಕ್ಟರ ಚೀಟಿ, ಇಇಜಿ ರಿಪೋರ್ಟು ಎಲ್ಲ ಫೈಲಿನಲ್ಲಿ ಜೋಡಿಸಿ ತಂದಿದ್ದಳು, ಇಂಟರ್‌ವ್ಯೂಗೆ ಬಂದವರ ಹಾಗೆ. ನಾನು ದೊಡ್ಡ ಮನುಷ್ಯನಂತೆ 'ಪರವಾಗಿಲ್ಲ' ಅಂದೆ ಎಂದುಕೊಳ್ಳಬೇಡಿ. ಎರಡು ದಿನ ಫೋನ್ ಮಾಡಲಿಲ್ಲ. ಹೆದರಿದ್ದೆ. ಚಿಕ್ಕವನಿದ್ದಾಗ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬರು ಬಿದ್ದು ಒದ್ದಾಡಿದ್ದನ್ನು ನೋಡಿದ್ದೆ, ಕಣ್ಣ ಮುಂದೆ ಅದೇ ಬರುತ್ತಿತ್ತು. ಮೂರನೆಯ ದಿನ ಅವಳ ಡಾಕ್ಟರ ಹತ್ತಿರ ಇಬ್ಬರೂ ಹೋದೆವು. ಫಿಟ್ಸ್ ಬಂದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಬಾಯಿಗೆ ಏನೂ ತುರುಕಬೇಡಿ, ನೀರು ಕುಡಿಸಬೇಡಿ, ಗಡಿಯಾರ ನೋಡಿಕೊಳ್ಳಿ, ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಕರೆತನ್ನಿ ಎಂದರು. ಅರ್ಧ ಹೆದರಿಕೆ ಅಲ್ಲೇ ಇಳಿಯಿತು. ಆರು ವರ್ಷದಲ್ಲಿ ಎರಡು ಸಲ ಆ ಪಾಠ ಬೇಕಾಯಿತು.

ಇನ್ನೊಂದು ಸಂಗತಿ ಬಿಟ್ಟರೆ ಈ ಪತ್ರವೇ ಸುಳ್ಳಾಗುತ್ತದೆ. ನಮ್ಮ ಅಮ್ಮನಿಗೆ ನಾವಿನ್ನೂ ಹೇಳಿಲ್ಲ. ಅವಳು ರಾತ್ರಿ ನುಂಗುವುದು ಥೈರಾಯ್ಡ್ ಮಾತ್ರೆ ಅಂದಿದ್ದೇವೆ. 'ಥೈರಾಯ್ಡ್ ಮಾತ್ರೆ ಬೆಳಿಗ್ಗೆ ಖಾಲಿ ಹೊಟ್ಟೇಲಿ ಅಲ್ವೇನೋ ತಗೊಳ್ಳೋದು?' ಎಂದರು ಅಮ್ಮ ಮೊನ್ನೆ. ನಮ್ಮ ಚಿಕ್ಕಮ್ಮನಿಗೆ ಥೈರಾಯ್ಡ್ ಇದೆ. ನಾನು ಏನೂ ಹೇಳಲಿಲ್ಲ. ಅಮ್ಮನೂ ಮತ್ತೆ ಕೇಳಲಿಲ್ಲ.

– ಬೆಂಗಳೂರು